ಅತ್ತೆಯ ಬಿಪಿ ಕಾರ್ಡು

ಕುಲಗೋಡದ ನಮ್ಮ ಓಣಿಯಲ್ಲಿ ಮನೆಮನೆಗೆ ಹೋಗಿ ಬಿಪಿ ನೋಡುವ ಕೆಲಸವನ್ನು ನಾನು ಮತ್ತು ನನ್ನ ಗೆಳತಿ ಹಚ್ಚಿಕೊಂಡಿದ್ದೆವು. ನಮ್ಮದೇ ಒಂದು ಕಟ್ಟಳೆ ಇತ್ತು: ಅವರವರ ಮನೆಯವರದು ಅವರೇ ನೋಡುವಂತಿಲ್ಲ. ಮನೆಯವರು ನೋಡಿದರೆ ಜಗಳ ಶುರುವಾಗುತ್ತದೆ, ಜಗಳಕ್ಕೆ ಬಿಪಿ ಏರುತ್ತದೆ! ಹಾಗಾಗಿ ನನ್ನ ಅತ್ತೆಯದನ್ನು ಗೆಳತಿ ನೋಡುತ್ತಿದ್ದಳು, ಅವಳ ಗಂಡನದನ್ನು ನಾನು.

ಅವಳ ಗಂಡನ ಬಿಪಿ ಏರಿದ್ದು ಕಂಡ ದಿನ ನಾನು ಯಾವ ಮುಲಾಜೂ ನೋಡಲಿಲ್ಲ. ಇದ್ದದ್ದನ್ನು ಇದ್ದಂತೆ ಕಾರ್ಡಿನಲ್ಲಿ ಬರೆದೆ. "ದಿನಾ ಗುಳಿಗಿ ತಗೋಬೇಕ್ರಿ ಅಣ್ಣಾ, ತಂಬಾಕ ಬಿಡ್ರಿ" ಎಂದು ಎದುರಿಗೇ ಹೇಳಿದೆ. ಆತ ಒಂದು ವಾರ ನನ್ನ ಜೊತೆ ಮಾತು ಬಿಟ್ಟ. ಬಿಡಲಿ. ಗುಳಿಗೆಯನ್ನಂತೂ ಬಿಡಲಿಲ್ಲ.

ನಮ್ಮ ಅತ್ತೆಯ ಕಾರ್ಡು ಮಾತ್ರ ಪ್ರತಿ ತಿಂಗಳೂ ಚೊಕ್ಕ. ಊಟಕ್ಕೆ ಕೂತಾಗ ನಾನು ಉಪ್ಪಿನಕಾಯಿ ಭರಣಿ ದೂರ ಸರಿಸಿದರೆ, "ನನಗೇನ ಆಗೇತವ್ವಾ? ಕಾರ್ಡ ನೋಡು" ಎನ್ನುತ್ತಿದ್ದರು. ಗೆಳತಿಯ ಕೈಬರಹ ನೋಡಿ ನಾನೇ ಭರಣಿಯನ್ನು ಮತ್ತೆ ಅವರ ಮುಂದೆ ಇಡುತ್ತಿದ್ದೆ.

ಒಂದು ಮುಂಜಾನೆ ರೊಟ್ಟಿ ಬಡಿಯುತ್ತ ಕೂತಿದ್ದ ಅತ್ತೆಯ ಬಲಗೈ ನಿಂತೇ ಹೋಯಿತು, ಬಾಯಿ ಸೊಟ್ಟಗಾಯಿತು. ಗೆಳತಿಯೇ ಗಾಡಿ ಮಾಡಿಕೊಂಡು ಬಂದಳು. ಗೋಕಾಕದ ಆಸ್ಪತ್ರೆಯಲ್ಲಿ ಡಾಕ್ಟರು ಎಲ್ಲ ಪರೀಕ್ಷೆ ಮುಗಿಸಿ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಲಕ್ವಾ ಹೊಡದೈತ್ರಿ. ಬಿಪಿ ಭಾಳ ದಿನದಿಂದ ಏರಿದ್ದಂಗ ಕಾಣ್ತೈತಿ. ಇದನ್ನ ಯಾರ ಬರದಾರ?"

ಗೆಳತಿ ತಲೆ ತಗ್ಗಿಸಿದಳು. ಹೊರಗೆ ಎಳೆದುಕೊಂಡು ಹೋಗಿ ಕೇಳಿದೆ. ಸೆರಗು ಬಾಯಿಗೆ ಹಿಡಿದು ಅತ್ತಳು.

"ಏರೇ ಇತ್ತಕ್ಕಾ. ಅತ್ತಿಯವ್ರು ಆಣಿ ಹಾಕಿಸಿಕೊಂಡ್ರು. ಸೊಸಿಗೆ ಹೇಳಬ್ಯಾಡ, ಆಕಿ ಕೈಯಾಗ ಸಪ್ಪನ್ನ ಸಾರ ಉಂಡು ಬದುಕಾಕ ಆಗಂಗಿಲ್ಲ ನನಗ ಅಂದ್ರು. ಹಿರೇರ ಮಾತು ಹೆಂಗ ಮೀರಲಿ?"

"ನಿನ್ನ ಗಂಡಂದು ನಾನೂ ಹಿಂಗ ಸುಳ್ಳ ಬರದಿದ್ರ?"

ಥೂ, ಆಣೆಯಂತೆ ಆಣೆ! ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಊರವರ ಉಪ್ಪು ಬಿಡಿಸುತ್ತ ತಿರುಗಿದವಳಿಗೆ ನನ್ನ ಮನೆಯಲ್ಲೇ ಇಬ್ಬರೂ ಸೇರಿ ಮೋಸ ಮಾಡಿದ್ದರು. ಎದೆ ಉರಿದುಹೋಯಿತು. ಅವತ್ತಿನಿಂದ ನಾನು ಅವಳ ಜೊತೆ ಓಣಿ ಸುತ್ತಿಲ್ಲ, ಅವಳ ಮನೆಯ ಚಹಾ ಕುಡಿದಿಲ್ಲ.

ಅತ್ತೆಯ ಮೇಲೂ ಸಿಟ್ಟಿತ್ತು. ಆದರೆ ಬಲಗೈ ಬಿದ್ದವರ ಮೇಲೆ ಎಷ್ಟು ದಿನ ಸಿಟ್ಟು ಮಾಡುವುದು? ಉಣಿಸುವವಳು ನಾನು, ಮೈ ತೊಳೆಸುವವಳು ನಾನು, ತಲೆ ಬಾಚುವವಳು ನಾನು. ಇನ್ನಾದರೂ ನನ್ನನ್ನು ನಂಬುತ್ತಾರೆ ಅಂದುಕೊಂಡಿದ್ದೆ.

ಮೊನ್ನೆ ಕಟ್ಟಳೆ ಗಿಟ್ಟಳೆ ಎಲ್ಲ ಬದಿಗಿಟ್ಟು, ಯಂತ್ರ ಹಿಡಿದು ಹಾಸಿಗೆಯ ಪಕ್ಕ ಕೂತೆ. "ಎಡಗೈ ಕೊಡ್ರಿ ಅತ್ತಿ, ಬಿಪಿ ನೋಡ್ತೇನಿ."

ಅತ್ತೆ ಕೈಯನ್ನು ಕೌದಿಯೊಳಗೆ ಎಳೆದುಕೊಂಡರು. ಅಷ್ಟು ದಿನ ತೊದಲುತ್ತಿದ್ದ ಬಾಯಿಂದ ಮಾತು ಸ್ವಚ್ಛವಾಗಿ ಬಂತು.

"ನೀ ಬ್ಯಾಡ. ಆಕಿನ್ನ ಕರಿ."