ಮಜ್ಜಿಗೆ ಹುಲ್ಲಿನ ಐಸ್ ಟೀ

ಹೋದ ಬೇಸಿಗೆಯಲ್ಲಿ ಮಗಳು ದಿನಾ ಅಂಗಡಿಯಿಂದ ಬಣ್ಣದ ನೀರಿನ ಬಾಟಲಿ ತಂದು ಗಟಗಟ ಕುಡಿಯತೊಡಗಿದಳು. ಬೈದೂ ಬೈದೂ ನನ್ನ ಬಾಯಿ ನೋವಾಯಿತೇ ಹೊರತು ಬಾಟಲಿ ನಿಲ್ಲಲಿಲ್ಲ. ಕಡೆಗೆ ಫೋನಿನಲ್ಲಿ ನೋಡಿ ನಾನೇ ಮನೆಯಲ್ಲಿ ಹಣ್ಣಿನ ಐಸ್ ಟೀ ಮಾಡಲು ಶುರುಮಾಡಿದೆ.

ಹೆಸರಿಗೆ ಟೀ, ಟೀ ಪುಡಿ ಒಂದು ಚಿಟಿಕೆಯೂ ಇಲ್ಲ. ನೀರು ಕುದಿಸಿ, ಒಲೆ ಆರಿಸಿ, ಕೆಂಪು ದಾಸವಾಳದ ಎಸಳು, ನಿಂಬೆಯಂತೆ ಘಮ್ಮೆನ್ನುವ ಮಜ್ಜಿಗೆ ಹುಲ್ಲನ್ನು ಜಜ್ಜಿ, ನಾಲ್ಕು ಪುದಿನ ಎಲೆ ಹಾಕಿ ಮುಚ್ಚಿಡುವುದು. ಹತ್ತು ನಿಮಿಷ ಬಿಟ್ಟು ಸೋಸಿ, ಆರಿದ ಮೇಲೆ ಅನಾನಸ್ಸು, ಮಾವಿನಹಣ್ಣಿನ ಹೋಳು ಸೇರಿಸಿ ಫ್ರಿಜ್ಜಿನಲ್ಲಿಡುವುದು. ಕುಡಿಯುವಾಗ ಐಸು, ಸ್ವಲ್ಪ ಜೇನು, ನಿಂಬೆರಸ. ನಿಂಬೆ ಬಿದ್ದ ಕೂಡಲೇ ನೇರಳೆ ನೀರು ಕೆಂಪಗಾಗುತ್ತದೆ. ನಾನು ಕಡೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್, ಆಮ್ಲದ ಪಾಠಕ್ಕೆ ಇದೇ ಹೂವನ್ನು ಮಕ್ಕಳ ಕೈಯಲ್ಲಿ ಅರೆಸುತ್ತೇನೆ. ಕಾರಣ ಗೊತ್ತಿದ್ದರೂ ಆ ಬಣ್ಣ ತಿರುಗುವುದನ್ನು ನೋಡಿದರೆ ಪ್ರತಿ ಸಲ ಖುಷಿಯಾಗುತ್ತದೆ.

ಮಜ್ಜಿಗೆ ಹುಲ್ಲು ಪಕ್ಕದ ಮನೆಯ ಅಕ್ಕನ ಹಿತ್ತಲಿನದು. ಬೆಳಿಗ್ಗೆ ಕಾಂಪೌಂಡಿನ ಮೇಲಿಂದ ಒಂದು ಹಿಡಿ ಚಾಚುತ್ತಿದ್ದರು. ಅವರದು ಅಜ್ಜಂಪುರದ ಕಡೆಯಿಂದ ಬಂದ ಕೊಬ್ಬರಿ ವ್ಯಾಪಾರದ ಮನೆತನ. ಲಿಂಗಪೂಜೆಯಾಗದೆ ಗುಟುಕು ನೀರನ್ನೂ ಬಾಯಿಗೆ ಬಿಡುವವರಲ್ಲ. ನಾನು ಸಿಂಗಟಗೆರೆ ಕಡೆಯ ಒಂದು ಊರಿನ ಹೊರಗೇರಿಯಲ್ಲಿ ಹುಟ್ಟಿದವಳು. ಅಪ್ಪನ ಕಾಲದಲ್ಲೇ ನಾವು ಬೌದ್ಧರಾದೆವು, ನಡುಮನೆಯಲ್ಲಿ ಬುದ್ಧನ ಪಟವಿದೆ. ಇದೆಲ್ಲ ಅಕ್ಕನಿಗೆ ನಾವು ಬಾಡಿಗೆಗೆ ಬಂದ ಮೊದಲ ವಾರವೇ ಗೊತ್ತು. ಮಾತಿಗೆ, ನಗುವಿಗೆ, ಕಷ್ಟಸುಖಕ್ಕೆ ಅದು ಅಡ್ಡ ಬಂದದ್ದಿಲ್ಲ. ಮಗಳಿಗೆ ಜ್ವರ ಬಿಡದೆ ತರೀಕೆರೆಯ ಡಾಕ್ಟರಲ್ಲಿಗೆ ಹೋಗಬೇಕಾದಾಗ ತಮ್ಮ ಕಾರು ಕಳಿಸಿದವರು ಅವರೇ.

ಆದರೆ ಎರಡು ವರ್ಷದಲ್ಲಿ ನಮ್ಮ ಮನೆಯ ಒಂದು ಲೋಟ ನೀರು ಕುಡಿದವರಲ್ಲ. ಊರಿಂದ ತಂದ ಇಡೀ ಮಾವಿನಹಣ್ಣು ಕೊಟ್ಟರೆ ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುವರು. ಅದೇ ಹಣ್ಣನ್ನು ಹೆಚ್ಚಿ ನಮ್ಮ ನೀರಿಗೆ ಹಾಕಿದರೆ ಬೇಡ. ಹಣ್ಣಿಗಿಲ್ಲದ ಮೈಲಿಗೆ ನೀರಿಗಿದೆ ಎಂಬ ಆ ಹಳೆಯ ಕಟ್ಟಳೆ ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಹಾಳಾಗಿ ಹೋಗಲಿ ಎಂದು ಸುಮ್ಮನಾಗುತ್ತಿದ್ದೆ. ಈ ಹೆಂಗಸು ನನಗೆ ಬೇಕಾಗಿತ್ತು. ಅವರು ಒಂದೇ ಒಂದು ಸಲ ನನ್ನ ಕೈಯಿಂದ ಏನಾದರೂ ಕುಡಿಯಬೇಕೆಂದು ಆಸೆಯಿತ್ತು.

ಅದಕ್ಕೇ ಐಸ್ ಟೀ ಮಾಡಿದಾಗಲೆಲ್ಲ ಕರೆಯುತ್ತಿದ್ದೆ.

‘ಇವತ್ತು ಸೋಮವಾರ ಕಣ್ರೀ ಟೀಚರೇ, ಒಪ್ಪೊತ್ತು.’

‘ಗಂಟ್ಲು ಕಟ್ಬಿಟ್ಟಿದೆ, ಥಂಡಿ ಆಗಲ್ಲ.’

‘ಈಗ್ತಾನೆ ಮಜ್ಜಿಗೆ ಕುಡ್ದು ಬಂದೆ ಕಣ್ರೀ.’

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕುಡಿಯದವರು ಸುಮ್ಮನಿರಬಾರದೇ? ದಿನಾ ವಿಚಾರಣೆ ಬೇರೆ. ಎಷ್ಟು ಹೂವು, ಎಷ್ಟು ನೀರು, ನಿಂಬೆ ಮೊದಲು ಹಿಂಡುವುದೋ ಆಮೇಲೋ.

ಒಂದು ಬೆಳಿಗ್ಗೆ ಹುಲ್ಲು ಚಾಚಿ, ‘ನೆನ್ನೆದು ಹೆಂಗಾಗಿತ್ತು?’ ಎಂದರು. ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು.

‘ಹೆಂಗಾಗಿತ್ತು ಅಂತ ಕುಡ್ದು ನೋಡ್ಬೇಕು ಅಕ್ಕ, ಕೇಳಿದ್ರೆ ಗೊತ್ತಾಗಲ್ಲ. ನಾಳೆಯಿಂದ ಹುಲ್ಲು ಬೇಡ ಬಿಡಿ. ನೀವು ಕೊಡೋದು, ನಾನು ತಗೊಳೋದು, ಅಷ್ಟೇ ಆದ್ರೆ ಅದೇನು ಸ್ನೇಹ?’

ಅವರ ಕೈ ಹಾಗೇ ಗೋಡೆಯ ಮೇಲೆ ನಿಂತಿತು. ಅದನ್ನು ಹಿಂದಕ್ಕೆಳೆದುಕೊಂಡು ಒಳಗೆ ಹೋದರು.

ನಾಲ್ಕು ದಿನ ಆ ಕಡೆಯಿಂದ ಸದ್ದಿಲ್ಲ. ಹೇಳಿದ್ದು ತಪ್ಪೆಂದು ನನಗೆ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಆದರೆ ಬೆಳಿಗ್ಗೆ ಬಟ್ಟೆ ಒಣಹಾಕುವಾಗ ಕಣ್ಣು ಗೋಡೆಯ ಮೇಲೇ ಹೋಗುತ್ತಿತ್ತು. ಹುಲ್ಲಿಲ್ಲದ ಟೀ ಮಗಳಿಗೂ ಹಿಡಿಸಲಿಲ್ಲ.

ಐದನೆಯ ದಿನ ಮಧ್ಯಾಹ್ನ ಮುಂದಿನ ಗೇಟಿನ ಸದ್ದಾಯಿತು. ಅಕ್ಕ ಬಂದಿದ್ದರು, ಕೈಯಲ್ಲಿ ಮುಚ್ಚಿದ ಸ್ಟೀಲಿನ ತಂಬಿಗೆ. ಗೋಡೆಯಾಚೆಯಿಂದಲೇ ಮಾತಾಡುವವರು ಹೊಸ್ತಿಲು ದಾಟಿ, ನೇರ ಅಡುಗೆಮನೆಗೇ ಬಂದು ಕುರ್ಚಿಯಲ್ಲಿ ಕೂತರು.

‘ನೀವ್ ಹೇಳಿದಂಗೇ ಮಾಡಿದೀನಿ. ಹದಿನೈದು ದಿನದಿಂದ ಮಾಡ್ತಾನೇ ಇದೀನಿ. ಬರೀ ಕಹಿ. ನೀವ್ ಹೇಳಿದ್ದೇ ಸರಿಯಿಲ್ಲ ಕಣ್ರೀ.’

ಮುಚ್ಚಳ ತೆಗೆದು ನೋಡಿದೆ. ಮಸಿ ಕಪ್ಪು. ಒಂದು ಚಮಚ ಬಾಯಿಗೆ ಹಾಕಿಕೊಂಡರೆ ಮೆಣಸು, ಜೀರಿಗೆ, ಬೆಲ್ಲ! ಹೂವು, ಹುಲ್ಲು, ನಿಂಬೆ ಸಿಪ್ಪೆ ಎಲ್ಲವನ್ನೂ ಒಟ್ಟಿಗೆ ಹಾಕಿ, ಎರಡು ಲೋಟ ನೀರು ಒಂದು ಲೋಟಕ್ಕಿಳಿಯುವ ತನಕ ಕುದಿಸಿದ್ದಾರೆ. ನಮ್ಮ ಕಡೆ ಯಾವ ಸೊಪ್ಪು ಕೈಗೆ ಸಿಕ್ಕರೂ ಕಷಾಯ ಮಾಡದೆ ಬಿಡುವವರುಂಟೇ?

‘ಅಕ್ಕ, ಇದು ನೆಗಡಿಗೆ ಕೊಡೋದು’ ಎಂದೆ. ಇಬ್ಬರೂ ನಕ್ಕೆವು. ನಕ್ಕು ಮುಗಿದ ಮೇಲೆ ನನಗೆ ಹೊಳೆಯಿತು: ದಿನಾ ವಿಚಾರಿಸುತ್ತಿದ್ದುದು ಇದಕ್ಕೆ. ಇವರಿಗೆ ನನ್ನ ರುಚಿ ಬೇಕು, ನನ್ನ ಕೈ ಬೇಡ. ಎದ್ದು ಒಲೆ ಹಚ್ಚಿ ನೀರಿಟ್ಟೆ. ನೋವಾದರೂ, ಹದಿನೈದು ದಿನ ಒಬ್ಬಳೇ ನಿಂತು ಈ ಕಹಿ ಕುದಿಸಿ ಕುದಿಸಿ ಚೆಲ್ಲಿದ ಹೆಂಗಸಿನ ಮೇಲೆ ಅಯ್ಯೋ ಎಂದೂ ಅನ್ನಿಸಿತು.

ಒಲೆ ಆರಿಸಿದ ಮೇಲೇ ಹೂವು ಹಾಕಬೇಕೆಂದು ತೋರಿಸಿದೆ. ಮುಚ್ಚಿಟ್ಟೆ. ಬೆಳಿಗ್ಗೆ ಮಾಡಿದ್ದು ಫ್ರಿಜ್ಜಿನಲ್ಲಿತ್ತು. ನನಗೊಂದು ಲೋಟ ಮಾತ್ರ ಬಗ್ಗಿಸಿಕೊಂಡೆ. ಈ ಸಲ ಕೇಳಬಾರದೆಂದು ಹಟ ನನಗೆ. ನಿಂಬೆ ಹಿಂಡಿದೆ, ಬಣ್ಣ ತಿರುಗಿತು. ಅಕ್ಕ ಅದನ್ನೇ ನೋಡುತ್ತ ಕೂತಿದ್ದರು.

‘ನಂಗೊಂದ್ ಲೋಟ ಕೊಡಲ್ವೇನ್ರೀ?’

 ಲೋಟ ತುಂಬಿಸಿ ಕೊಟ್ಟೆ. ಮೊದಲ ಗುಟುಕಿಗೆ ಕಣ್ಣು ಮುಚ್ಚಿದರು, ಆಮೇಲೆ ನಿಲ್ಲಿಸದೆ ಕುಡಿದರು. ತಳದ ಮಾವಿನ ಹೋಳನ್ನು ಬೆರಳಲ್ಲಿ ತೆಗೆದು ತಿಂದರು.

‘ಚೆನ್ನಾಗೈತೆ. ನಮ್ಮತ್ತೆಗೆ ಮಾತ್ರ ಹೇಳ್ಬೇಡಿ’ ಎಂದರು.

ಆ ಮಾತು ಚುಚ್ಚಿತು, ಸುಳ್ಳೇಕೆ ಹೇಳಲಿ. ಅಷ್ಟರಲ್ಲಿ ಅವರು ಎದ್ದು, ಖಾಲಿ ಲೋಟ ಹಿಡಿದು ಸಿಂಕಿನ ಕಡೆ ಹೊರಟರು. ಕುಡಿದ ಲೋಟ ತೊಳೆದಿಟ್ಟು ಹೋಗೋಣ ಎಂಬ ಒಳ್ಳೆಯ ಮನಸ್ಸೇ ಅದು. ನನಗೆ ಮಾತ್ರ ನಮ್ಮವ್ವ ಕಣ್ಣಮುಂದೆ ಬಂದಳು. ಕೂಲಿಗೆ ಹೋದ ಮನೆಯ ಹಿತ್ತಲಲ್ಲಿ ನೆಲಕ್ಕೆ ಕೂತು ಟೀ ಕುಡಿದು, ತನಗೆಂದೇ ಬೇರೆ ಇಟ್ಟ ಲೋಟವನ್ನು ತಾನೇ ತೊಳೆದು, ಗೋಡೆಯ ಗೂಡಿನಲ್ಲಿ ಬೋರಲು ಹಾಕುತ್ತಿದ್ದಳು. ನಾನು ಅವಳ ಸೆರಗು ಹಿಡಿದು ನಿಂತಿರುತ್ತಿದ್ದೆ.

ಲೋಟ ಕಿತ್ತುಕೊಂಡೆ. ‘ಬಿಡಿ ಅಕ್ಕ. ನಮ್ಮವ್ವ ಜೀವಮಾನವೆಲ್ಲ ಕಂಡೋರ ಮನೆಲಿ ತನ್ ಲೋಟ ತಾನೇ ತೊಳ್ದಿಟ್ಟು ಬಂದೋಳು. ಈ ಮನೇಲಿ ಬಂದೋರು ಲೋಟ ತೊಳೆಯಂಗಿಲ್ಲ.’

ಅಕ್ಕ ಮತ್ತೆ ಕುರ್ಚಿಯಲ್ಲಿ ಕೂತರು. ಆಮೇಲೆ ಮೆಲ್ಲಗೆ ಅಂದರು: ‘ನಮ್ಮ ತೌರ್ಮನೆ ಹಿತ್ಲಲ್ಲೂ ಅಂಥ ಲೋಟ ಇತ್ತು. ಅವ್ರು ತೊಳ್ದಿಟ್ಟು ಹೋದ್ಮೇಲೂ ಅದಕ್ಕೆ ನೀರು ಚಿಮುಕ್ಸೋ ಕೆಲ್ಸ ನಂದೇ ಕಣ್ರೀ.’

ನಾನು ಇನ್ನೊಂದು ಲೋಟ ಬಗ್ಗಿಸಿ ಅವರ ಮುಂದಿಟ್ಟೆ. ಸೆರಗಲ್ಲಿ ಕಣ್ಣೊರೆಸಿಕೊಂಡು ಕುಡಿದರು. ಎಂಜಲು ಲೋಟವನ್ನು ಹಾಗೇ ಟೇಬಲ್ಲಿನ ಮೇಲೆ ಬಿಟ್ಟು ಮನೆಗೆ ಹೋದರು. ಈ ಮನೆಯ ಯಜಮಾನಿ ನಾನು, ಅದನ್ನು ನಾನೇ ತೊಳೆದೆ.