ಬಿಷಪ್ಪರ ದಾಕ್ಷಿಣ್ಯ

ಬಿಸಿಲಿಗೆ ನನ್ನ ಹಳೆಯ ವ್ಯಾನು ಕಾದರೆ ಸೀಟಿನಡಿಯಿಂದ ಶೇಂಗಾ ಚಟ್ನಿಪುಡಿಯ ವಾಸನೆ ಏಳುತ್ತದೆ. ವ್ಯಾಕ್ಯೂಮ್ ಮಾಡಿಸಿದ್ದೇನೆ, ನಿಂಬೆ ವಾಸನೆಯ ಸ್ಪ್ರೇ ಹೊಡೆದಿದ್ದೇನೆ, ಬೆಳ್ಳುಳ್ಳಿ ಜಗ್ಗಿಲ್ಲ. ಇವತ್ತು ಡಲ್ಲಾಸಿನ ಪಕ್ಕದ ನಮ್ಮೂರು ಫ್ಲವರ್ ಮೌಂಡಿನ ದಿನಸಿ ಅಂಗಡಿಯ ಮುಂದೆ ಆ ವಾಸನೆಯಲ್ಲಿ ಕೂತಿದ್ದಾಗಲೇ ಹ್ಯೂಸ್ಟನ್ನಿನಿಂದ ಮಗಳ ಫೋನು ಬಂತು. ಗುರುವಾರ ನನ್ನ ಕಣ್ಣಿನ ಪೊರೆಯ ಆಪರೇಷನ್.

"ಅಮ್ಮಾ, ಡು ಯು ವಾಂಟ್ ಮಿ ಟು ಕಮ್?"

"ಬೇಡ ಪುಟ್ಟಿ, ನಿನಗ್ಯಾಕೆ ತೊಂದರೆ. ಅಪ್ಪ ಇದಾರಲ್ಲ."

"ಓಕೆ ಅಮ್ಮಾ" ಎಂದು ಇಟ್ಟೇಬಿಟ್ಟಳು. ಅವಳು ಬರಲೇಬೇಕೆಂದು ವಾರದಿಂದ ಆಸೆಪಟ್ಟವಳು ನಾನು. ಬೇಡ ಅಂದವಳೂ ನಾನೇ, ಈಗ ಮುನಿಸಿಕೊಂಡವಳೂ ನಾನೇ. ಹೇಳಿ, ಇದು ಯಾವ ನ್ಯಾಯ?

ಆ ಚಟ್ನಿಪುಡಿ ಒಬ್ಬ ಬಿಷಪ್ಪರದ್ದು. ನಮ್ಮ ಪಕ್ಕದ ಮನೆಯ ಸುನೀತಾ ಧಾರವಾಡದವಳು, ಇಲ್ಲಿ ನರ್ಸ್. ಅವಳ ಸೋದರಮಾವ ಆಫ್ರಿಕಾದ ದೊಡ್ಡ ಸರೋವರವೊಂದರ ದ್ವೀಪಗಳಲ್ಲಿ ಮಿಷನರಿ ಬಿಷಪ್. ಅಲ್ಲಿ ಚರ್ಚಿನ ಪುಟ್ಟ ಆಸ್ಪತ್ರೆಯಿತ್ತು. ಹೆರಿಗೆ ಕಷ್ಟವಾದರೆ ದಡದ ದೊಡ್ಡಾಸ್ಪತ್ರೆಗೆ ಹೋಗಬೇಕು, ಹೋಗಲು ಮೀನುಗಾರರ ದೋಣಿಗೆ ಕಾಯಬೇಕು. ಹಾಗೆ ಕಾಯುತ್ತಲೇ ಒಬ್ಬಳು ತಾಯಿ ತೀರಿಕೊಂಡಿದ್ದಳು. ಆಸ್ಪತ್ರೆಗೊಂದು ಮೋಟಾರು ದೋಣಿ ಬೇಕೆಂದು ಕೇಳಲು ಅವರು ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ನಿನ ಮೂರು ಚರ್ಚುಗಳಿಗೆ ಬಂದಿದ್ದರು.

ಸುನೀತಾಗೆ ಡ್ಯೂಟಿ. ನನಗೆ ಆಗ ವ್ಯಾನು ಹೊಸದು, ಓಡಿಸುವ ಹುಚ್ಚು ಅದಕ್ಕಿಂತ ಹೊಸದು. ಏಕಾದಶಿ ತಪ್ಪಿಸದ ಮೈಸೂರಿನ ಹೆಂಗಸು ನಾನು, ಬಿಷಪ್ಪರ ಸಾರಥಿಯಾದೆ. ಅವರನ್ನು ಏನೆಂದು ಕರೆಯುವುದು? ‘ಸ್ವಾಮಿಗಳೇ’ ಅಂದರೆ ಮಠಕ್ಕೆ ಹೋದ ಹಾಗಾಗುತ್ತದೆ. ‘ಫಾದರ್’ ಅಂದರೆ ಡಿಮೋಷನ್ ಕೊಟ್ಟ ಹಾಗಾಗುತ್ತದೆ. ಕೊನೆಗೆ ಇಲ್ಲಿಯ ಕನ್ನಡಿಗರ ಸರ್ವರೋಗ ನಿವಾರಕವಾದ ‘ಅಂಕಲ್’ಗೇ ಬಂದು ನಿಂತೆ.

ಡಲ್ಲಾಸಿನಲ್ಲಿ ಅವರು ಆ ತಾಯಿಯ ಕಥೆ ಹೇಳಿದಾಗ ಎಲ್ಲರೂ ಕಣ್ಣೊರೆಸಿಕೊಂಡರು, ನಾನೂ. ದೋಣಿಯ ಮಾತು ಮಾತ್ರ ಬರಲಿಲ್ಲ. ಕೊನೆಗೆ ಪಾದ್ರಿ ಕೈಹಿಡಿದು, ನಿಮಗಾಗಿ ನಾವೇನು ಮಾಡಬಹುದು ಎಂದು ಕೇಳಿದರು. ಬಿಷಪ್ಪರು ಎದೆಯ ಮೇಲೆ ಕೈಯಿಟ್ಟು, ಏನೂ ಬೇಡ, ನಿಮ್ಮ ಪ್ರಾರ್ಥನೆಯೇ ಸಾಕು ಅಂದರು. ಚರ್ಚಿನವರು ಅಲ್ಲೇ ಮನಸಾರೆ ಪ್ರಾರ್ಥಿಸಿ ನಮ್ಮನ್ನು ಊಟಕ್ಕೆ ಕರೆದೊಯ್ದರು. ಹ್ಯೂಸ್ಟನ್ನಿನಲ್ಲೂ ಅದೇ ಕಥೆ, ಊಟ ಮಾತ್ರ ಇನ್ನೂ ಚೆನ್ನಾಗಿತ್ತು.

ಆಸ್ಟಿನ್ನಿನ ದಾರಿಯಲ್ಲಿ ನನಗೆ ತಡೆಯಲಾಗಲಿಲ್ಲ. ಅವರು ಪಕ್ಕದಲ್ಲಿ ಕೂತು ಬ್ರೆಡ್ಡಿಗೆ ಚಟ್ನಿಪುಡಿ ಉದುರಿಸಿಕೊಳ್ಳುತ್ತಿದ್ದರು.

"ಅಂಕಲ್, ದೋಣಿ ಕೇಳೋಕೆ ತಾನೆ ಬಂದಿದ್ದು? ಕೇಳಲೇ ಇಲ್ವಲ್ಲ."

"ಕೇಳಾಂವ ಇದ್ದೆ ತಂಗಿ. ಅವರು ಇನ್ನೊಮ್ಮೆ ಕೇಳ್ತಾರಂತ ಕಾದೆ. ಕೇಳಲೇ ಇಲ್ಲ."

"ಇನ್ನೊಮ್ಮೆ ಯಾಕೆ ಕೇಳಬೇಕು?"

"ಒಮ್ಮೆ ಕೇಳಿದ ಕೂಡ್ಲೆ ಹೂಂ ಅಂದ್ರ ಆಸೆಬುರುಕ ಅಂದ್ಕೊಳ್ಳೂದಿಲ್ಲೇನವಾ?"

ನಗು ಬಂತು, ಆದರೆ ಅದು ನನಗೆ ಗೊತ್ತಿಲ್ಲದ ರೋಗವೇನಲ್ಲ. ನಮ್ಮಲ್ಲಿ ಕಾಫಿಗೆ ಮೊದಲು ಬೇಡ ಅನ್ನಬೇಕು. ಎರಡನೆಯ ಸಲ, ಈಗಷ್ಟೇ ಆಯಿತು ಅನ್ನಬೇಕು. ಮೂರನೆಯ ಸಲ, ಅರ್ಧ ಲೋಟ ಸಾಕು ಎಂದು ಒಂದು ಲೋಟ ಕುಡಿಯಬೇಕು. ಅಮೆರಿಕಕ್ಕೆ ಬಂದ ಹೊಸತರಲ್ಲಿ ಪಕ್ಕದೂರು ಫಾರ್ಮರ್ಸ್ ಬ್ರಾಂಚಿನ ಅಮೆರಿಕನ್ ಗೆಳತಿಯೊಬ್ಬಳ ಮನೆಯಲ್ಲಿ ನಾನು ಬೇಡ ಅಂದೆ. ಅವಳು ತನಗೆ ಮಾತ್ರ ಬಗ್ಗಿಸಿಕೊಂಡು ನನ್ನೆದುರೇ ಕುಡಿದಳು. ತಲೆನೋವಿನಲ್ಲಿ ಮನೆಗೆ ಬಂದಿದ್ದೆ.

"ಇಲ್ಲಿಯವರು ಒಂದೇ ಸಲ ಕೇಳೋದು ಅಂಕಲ್. ಬೇಡ ಅಂದ್ರೆ ನಿಜವಾಗ್ಲೂ ಬೇಡ ಅಂತ ನಂಬ್ತಾರೆ, ಪಾಪ. ಅಳದಿದ್ರೆ ತಾಯಿ ಕೂಡ ಹಾಲು ಕೊಡಲ್ಲ" ಎಂದು ಬಿಷಪ್ಪರಿಗೇ ಪ್ರವಚನ ಕೊಡುವ ಭರದಲ್ಲಿ ಮುಂದಿನ ಟ್ರಕ್ಕು ನಿಂತದ್ದು ಕಾಣಲಿಲ್ಲ. ಬ್ರೇಕ್ ಒತ್ತಿದೆ. ಚಟ್ನಿಪುಡಿಯ ಬಾಟಲಿ ಹಾರಿ ಸೀಟಿನಡಿ ಚೆಲ್ಲಿತು.

ಅವರು ಮಡಿಲು ಕೊಡವಿಕೊಂಡು, "ದೋಣಿ ಸಿಕ್ರೂ ಓಡಸಾಕ ನಿನ್ನ ಕರಿಯೂದಿಲ್ಲ ಬಿಡು" ಅಂದರು.

ಆಸ್ಟಿನ್ನಿನದು ಸಣ್ಣ ಚರ್ಚು. ಅಲ್ಲಿಯ ಪಾದ್ರಿ ನರೆಗೂದಲಿನ ಹೆಂಗಸು. ಅವರೂ ಅದೇ ಪ್ರಶ್ನೆ ಕೇಳಿದರು. ಬಿಷಪ್ಪರ ಕೈ ಎದೆಗೆ ಹೋಯಿತು, "ನಥಿಂಗ್" ಎಂದು ಶುರುವೂ ಮಾಡಿದರು. ಇದು ಕೊನೆಯ ಚರ್ಚು. ಮುಂದಿನ ಬೆಂಚಿನಿಂದ ನಾನು, "ಅಂಕಲ್, ಕೇಳ್ರಿ" ಅಂದೇಬಿಟ್ಟೆ. ಮೈಸೂರಿನ ಬಾಯಲ್ಲಿ ‘ರಿ’ ಹೇಗೆ ಬಂತೋ. ಚರ್ಚಿಗೆ ಚರ್ಚೇ ನನ್ನ ಕಡೆ ತಿರುಗಿತು.

ಅವರ ಕೈ ಎದೆಯಿಂದ ಇಳಿಯಿತು. ಸಾವಿನ ಕಥೆಯನ್ನು ತಡವರಿಸದೆ ಹೇಳಿದ್ದ ಮನುಷ್ಯ, ನಮಗೊಂದು ದೋಣಿ ಬೇಕು ಎನ್ನುವಾಗ ತಡವರಿಸಿದರು. ಹೇಳಿ ತಲೆ ತಗ್ಗಿಸಿ ನಿಂತರು. ಆ ನಾಚಿಕೆ ನೋಡಿ ನನ್ನ ಕರುಳು ಚುರುಕ್ಕೆಂದಿತು. ಪಾದ್ರಿ ಮಾತ್ರ ಏನೂ ವಿಶೇಷ ನಡೆಯಲಿಲ್ಲವೆಂಬಂತೆ, ಎಷ್ಟು ಜನ ಕೂರುವ ದೋಣಿ ಎಂದು ಕೇಳಿದರು.

ಮರುವರ್ಷ ಸುನೀತಾಳ ಫೋನಿಗೊಂದು ಫೋಟೋ ಬಂತು. ಆಸ್ಪತ್ರೆಯ ಹೊಸ ಮೋಟಾರು ದೋಣಿಯಲ್ಲಿ ಒಬ್ಬಳು ತಾಯಿ, ಮಡಿಲಲ್ಲಿ ಬಟ್ಟೆ ಸುತ್ತಿದ ಕೂಸು. ಇಬ್ಬರೂ ಚೆನ್ನಾಗಿದ್ದರು.

ಅಂಥ ಬಿಷಪ್ಪರಿಗೆ ಬುದ್ಧಿ ಹೇಳಿದವಳು ಇವತ್ತು ಬೆಳ್ಳುಳ್ಳಿಯ ವಾಸನೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ಕೂತಿದ್ದೆ. ಮಗಳು ಹುಟ್ಟಿ ಬೆಳೆದದ್ದು ಟೆಕ್ಸಸ್ಸಿನಲ್ಲಿ. ಅವಳು ಮೂರು ಸಲ ಕೇಳಲಿ ಎಂದು ಕಾಯುವುದು ಯಾವ ಜಾಣತನ? ಫೋನು ಮಾಡಿದೆ.

"ಬೇಡ ಅಂದಿದ್ದು ಸುಳ್ಳು ಪುಟ್ಟಿ. ನನಗೆ ಭಯ ಆಗ್ತಿದೆ. ನೀನು ಬಾ."

"ಅಮ್ಮಾ, ಲೀವ್ ಹಾಕಿಯೇ ಕೇಳಿದ್ದೆ. ಯು ಸೆಡ್ ಬೇಡ" ಅಂದಳು. "ಇಲ್ಲಿಂದ ಏನಾದ್ರೂ ಬೇಕಾ?"

"ಬೇಕು" ಅಂದೆ. ಏನು ಎಂಬುದನ್ನು ಆಮೇಲೆ ಯೋಚಿಸಿದೆ.