ಉಸಿರಿನ ಸಿಲಿಂಡರ್ ಅದಲುಬದಲಾದ ದಿನ ವೀರಭದ್ರಸ್ವಾಮಿ ಕೈಬಿಡಲಿಲ್ಲ

ಕಳೆದ ಕಾರ್ತಿಕದ ಒಂದು ಸೋಮವಾರ ಬೆಳಿಗ್ಗೆ ನನ್ನ ಹೆಂಡತಿ ಗಿರಿಜಾ ಬಚ್ಚಲುಮನೆಯ ಬಾಗಿಲಲ್ಲಿ ಕುಸಿದು ಕುಳಿತಳು. "ರೀ, ಕಾಲು ಎತ್ತಾಕ ಬರವಲ್ದು," ಎಂದಳು. ಭಕ್ತ ಬಂಧುಗಳೇ, ಆ ದಿನ ನಡೆದದ್ದನ್ನು ಇದ್ದದ್ದು ಇದ್ದಂತೆ ಬರೆಯುತ್ತಿದ್ದೇನೆ.

ನನ್ನದು ದಾವಣಗೆರೆ, ಅವಳದು ಧಾರವಾಡ. ಚಂದಾಪುರದ ಅಪಾರ್ಟ್‌ಮೆಂಟಿನಲ್ಲಿದ್ದೇವೆ. ನನಗೆ ಬೊಮ್ಮಸಂದ್ರದ ಔಷಧ ಕಾರ್ಖಾನೆಯಲ್ಲಿ ಕೆಲಸ, ಅವಳಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಅವಳಿಗೆ ಸ್ಕೂಬಾ ಹುಚ್ಚು. ಸಿಲಿಂಡರ್ ಕಟ್ಟಿಕೊಂಡು ಸಮುದ್ರದಾಳಕ್ಕೆ ಇಳಿಯುತ್ತಾಳೆ. ನನಗೆ ಕೆರೆಯೆಂದರೂ ಭಯ. ಆ ವಾರಾಂತ್ಯ ನೇತ್ರಾಣಿ ದ್ವೀಪಕ್ಕೆ ಹೊರಟಾಗ, ಈ ಸಲ ನೈಟ್ರಾಕ್ಸ್ ಎಂಬ ಮಿಶ್ರ ಗಾಳಿ ಉಸಿರಾಡುತ್ತೇನೆ ಎಂದಳು.

"ಅದೆಲ್ಲಾ ಬೇಡ ಕಣೇ," ಅಂದೆ.

"ಅದರಾಗ ಆಕ್ಸಿಜನ್ ಹೆಚ್ಚು, ನೈಟ್ರೋಜನ್ ಕಡಿಮಿ ಇರ್ತದರೀ. ಹೆಚ್ಚು ಹೊತ್ತು ಕೆಳಗ ಇರಬಹುದು. ಕೋರ್ಸ್ ಮಾಡೀನಿ, ಹೆದರಬ್ಯಾಡ್ರಿ," ಎಂದು ನಕ್ಕಳು.

ಭಾನುವಾರ ಸಂಜೆ ವಾಪಸ್ ಬಸ್ ಹತ್ತಿದ್ದಾಳೆ. ಘಾಟಿ ಏರುವಾಗಲೇ ಭುಜ ನೋಯತೊಡಗಿತಂತೆ. ಸೀಟಿನಲ್ಲಿ ವಾರೆಯಾಗಿ ಮಲಗಿದ್ದಕ್ಕೆ ಎಂದುಕೊಂಡಳಂತೆ.

ಬೆಳಗಿನ ಜಾವ ಮನೆಗೆ ಬಂದು ಬಚ್ಚಲ ಬಾಗಿಲಲ್ಲಿ ಕುಸಿದವಳನ್ನು ಪಕ್ಕದ ಮನೆಯವರ ಕಾರಿನಲ್ಲಿ ಹೊಸೂರು ರಸ್ತೆಯ ಒಂದು ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರ್ ಪಾದಕ್ಕೆ ಸೂಜಿ ಚುಚ್ಚಿದರು; ಅವಳಿಗೆ ಗೊತ್ತೇ ಆಗಲಿಲ್ಲ. ಭಾರದ ಸಿಲಿಂಡರ್ ಹೊತ್ತು ಬೆನ್ನಿನ ನರ ಒತ್ತಿರಬಹುದು, ಎಂ.ಆರ್.ಐ.ಗೆ ಸರದಿಯಿದೆ, ಕಾಯಿರಿ ಎಂದರು. ಕಾಯುತ್ತಿದ್ದಂತೆ ಮರಗಟ್ಟುವಿಕೆ ಮೊಣಕಾಲಿನಿಂದ ತೊಡೆಗೆ, ತೊಡೆಯಿಂದ ಸೊಂಟಕ್ಕೆ ಏರಿತು. "ಮ್ಯಾಲ ಮ್ಯಾಲ ಬರಾಕತ್ತೈತ್ರಿ," ಎಂದು ನನ್ನ ಮಣಿಕಟ್ಟು ಹಿಡಿದಳು. ಅವಳ ಉಗುರು ಚರ್ಮಕ್ಕಿಳಿಯಿತು. ಎದೆಯವರೆಗೆ ಬಂದರೆ ಉಸಿರಿನ ಗತಿ? ಕೇಳುವ ಧೈರ್ಯವಾಗಲಿಲ್ಲ.

ಹೊರಗೆ ಬಂದು ನೀರಿನ ಫಿಲ್ಟರ್ ಪಕ್ಕದ ಗೋಡೆಗೆ ಹಣೆ ಒತ್ತಿ ನಿಂತೆ. ದಿನಾ ಹೇಳುವ ಮಂತ್ರವೂ ಬಾಯಿಗೆ ಬರಲಿಲ್ಲ. "ಅಪ್ಪಾ ವೀರಭದ್ರ, ನಂಗೇನೂ ತೋಚ್ತಿಲ್ಲ. ನೀನೇ ದಾರಿ ತೋರ್ಸು," ಅಂದೆ. ಅಷ್ಟೇ.

ಅವಳ ತಾಯಿಗೆ ತಿಳಿಸಬೇಕಿತ್ತು. ಗಾಬರಿಯಲ್ಲಿ ನನ್ನ ಫೋನ್ ಮನೆಯಲ್ಲೇ ಬಿಟ್ಟಿದ್ದೆ. ಬಸ್ಸಿನಲ್ಲಿ ಚಾರ್ಜ್ ಮುಗಿದು ಆಫ್ ಆಗಿದ್ದ ಅವಳ ಫೋನನ್ನು ನರ್ಸ್ ಹತ್ತಿರ ಚಾರ್ಜರ್ ಬೇಡಿ ಆನ್ ಮಾಡಿದೆ. ಮಾಡಿದ ಕೂಡಲೇ ರಿಂಗಾಯಿತು. ಅವಳ ಸ್ಕೂಬಾ ತರಬೇತುದಾರ.

"ಸಾರ್, ಗಿರಿಜಾ ಮೇಡಂ ಹೇಗಿದಾರೆ? ಬೆಳಿಗ್ಗೆಯಿಂದ ಟ್ರೈ ಮಾಡ್ತಾನೇ ಇದೀನಿ."

ಹೇಳಿದೆ.

"ಸಾರ್, ತಪ್ಪು ನಮ್ದೇ. ಇವತ್ತು ಬೆಳಿಗ್ಗೆ ಮತ್ತೆ ತುಂಬೋ ಮುಂಚೆ ಅವರ ಸಿಲಿಂಡರಲ್ಲಿ ಉಳಿದಿದ್ದ ಗಾಳೀನ ಅಳೆದ್ ನೋಡ್ದೆ. ಅವರಿಗೆ ಹೋಗಿರೋದು ನೈಟ್ರಾಕ್ಸ್ ಅಲ್ಲ, ಮಾಮೂಲಿ ಗಾಳಿ. ದೋಣಿಗೆ ಏರಿಸುವಾಗ ಅದಲುಬದಲಾಗಿದೆ. ಕೈಗೆ ಕಟ್ಟಿದ್ದ ಮೀಟರ್ ನೈಟ್ರಾಕ್ಸ್ ಲೆಕ್ಕದಲ್ಲಿ ಟೈಮ್ ತೋರಿಸಿದೆ, ಅಷ್ಟು ಹೊತ್ತು ಕೆಳಗಿದ್ರು. ಮೈಯಲ್ಲಿ ನೈಟ್ರೋಜನ್ ಗುಳ್ಳೆ ಕಟ್ಟಿರತ್ತೆ. ಘಾಟಿ ಹತ್ತಿದ್ಮೇಲೆ ಗಾಳಿ ಒತ್ತಡ ಕಮ್ಮಿಯಾಗಿ ಅದು ಜಾಸ್ತಿ ಆಗಿದೆ. ಈಗ್ಲೇ ಆಕ್ಸಿಜನ್ ಹಾಕ್ಸಿ, ಪ್ರೆಷರ್ ಚೇಂಬರ್ ಇರೋ ಆಸ್ಪತ್ರೆಗೆ ಕರ್ಕೊಂಡ್ ಹೋಗಿ. ಡಾಕ್ಟರಿಗೆ ಫೋನ್ ಕೊಡಿ!"

ಡಾಕ್ಟರ್ ಫೋನ್ ಹಿಡಿದೇ ಆಂಬುಲೆನ್ಸ್‌ಗೆ ಕೂಗಿದರು. ಮೇಲ್ಸೇತುವೆಯಲ್ಲಿ ವಾಹನಗಳ ನಡುವೆ ಸಿಕ್ಕಿಕೊಂಡಾಗ, ಅವಳ ಆಕ್ಸಿಜನ್ ಮಾಸ್ಕಿನೊಳಗೆ ಮಂಜು ಕಟ್ಟಿ ಕರಗುವುದನ್ನೇ ನೋಡುತ್ತಿದ್ದೆ. ಒಮ್ಮೆ ಮಂಜು ಕಾಣಲಿಲ್ಲವೆನ್ನಿಸಿ ಕಿರುಚಿಬಿಟ್ಟೆ. "ಸುಮ್ಕಿರಿ ಅಣ್ಣ, ಉಸಿರಾಡ್ತಾವ್ರೆ," ಎಂದು ಆಂಬುಲೆನ್ಸಿನವನು ನನ್ನ ಹೆಗಲು ಅದುಮಿದ.

ಚೇಂಬರ್ ಎಂದರೆ ಕಬ್ಬಿಣದ ದೊಡ್ಡ ಪೀಪಾಯಿಯಂಥ ಕೋಣೆ. ಒಳಗೆ ಒತ್ತಡ ಏರಿಸಿ ಶುದ್ಧ ಆಕ್ಸಿಜನ್ ಕೊಡುತ್ತಾರೆ. ಬಾಗಿಲು ಬಿಗಿಯುವಾಗ ಅವಳನ್ನು ಕೊನೆಯ ಸಲ ನೋಡುತ್ತಿದ್ದೇನೆ ಅನ್ನಿಸಿತು. ದುಂಡು ಗಾಜಿನ ಕಿಟಕಿಗೆ ಮುಖ ಒತ್ತಿ ನಿಂತೇ ಇದ್ದೆ. ಸಂಜೆಯ ಹೊತ್ತಿಗೆ ಅವಳ ಬಲಗಾಲಿನ ಹೆಬ್ಬೆರಳು ಅಲುಗಿತು. ನಾನು ಅಲ್ಲೇ ನೆಲಕ್ಕೆ ಕುಳಿತು ಅತ್ತುಬಿಟ್ಟೆ.

ಆಮೇಲೂ ಹಲವು ಸಲ ಆ ಕೋಣೆಗೆ ಹೋಗಬೇಕಾಯಿತು. ವಾಕರ್ ಹಿಡಿದು, ಗೋಡೆ ಹಿಡಿದು ನಡೆಯುವುದನ್ನು ಕಲಿತಳು. ಎಡಪಾದ ಇನ್ನೂ ಜುಮ್ಮೆನ್ನುತ್ತದೆ. ತರಬೇತುದಾರರು ನೋಡಲು ಬಂದಾಗ ತಲೆಯೆತ್ತಲಿಲ್ಲ. ನನಗೆ ಸಿಟ್ಟಿತ್ತು. ಗಿರಿಜಾ ಮಾತ್ರ, "ನೀವು ಮುಚ್ಚಿಟ್ಟಿದ್ರ ನಾ ಉಳೀತಿರಲಿಲ್ಲ," ಎಂದಳು.

ಕಾಕತಾಳೀಯ ಎನ್ನುವವರು ಅನ್ನಲಿ. ಆ ಮನುಷ್ಯನಿಗೆ ನಿಜ ಹೇಳುವ ಮನಸ್ಸು ಕೊಟ್ಟವನು ನನ್ನ ಸ್ವಾಮಿಯೇ.

ಶಿವರಾತ್ರಿಗೆ ಮನೆದೇವರ ಗುಡಿಗೆ ಹೋದೆವು. ಗರ್ಭಗುಡಿಯ ಮುಂದೆ ಆಸರೆಗೆಂದು ಕೈ ಚಾಚಿದೆ. "ಬಿಡ್ರಿ," ಎಂದಳು. ತಾನೇ ಮೊಣಕಾಲೂರಿ ನಮಸ್ಕರಿಸಿದಳು, ತಾನೇ ಎದ್ದು ನಿಂತಳು. ತಂದೆ ವೀರಭದ್ರ, ನಿನಗೆ ನಮ್ಮಿಬ್ಬರ ಶರಣು.